ಓದಿದರೆ, ಓದಿದ್ದರೆ

ಮನುಷ್ಯನ ಭಾಷೆಗೆ ಒಂದು ವಿಶೇಷ ಶಕ್ತಿಯಿದೆ. ಕಣ್ಣೆದುರಿಗೆ ಇರುವುದನ್ನು ಹೇಳಿ ಅದು ತೃಪ್ತಿಪಡುವುದಿಲ್ಲ. ಇನ್ನೂ ಆಗದಿರುವುದನ್ನು, ಆಗಬಹುದಾದುದನ್ನು, ಎಂದಿಗೂ ಆಗಲಾರದುದನ್ನು, ಆಗಬೇಕಾಗಿದ್ದು ಆಗದೆ ಹೋದುದನ್ನು ಸಹ ಅದು ಹೇಳಬಲ್ಲುದು. ಹಸಿದ ಹಸು ‘ಅಂಬಾ’ ಎಂದು ಕೂಗಿ ತನ್ನ ಹಸಿವನ್ನು ತಿಳಿಸುತ್ತದೆ. ‘ನಿನ್ನೆ ನೀನು ಹುಲ್ಲು ತಂದಿದ್ದರೆ ಇಂದು ನಾನು ಹಾಲು ಕೊಡುತ್ತಿದ್ದೆ’ ಎಂದು ಅದು ಹೇಳಲಾರದು. ಇಂಥ ಮಾತನ್ನು ಆಡಬಲ್ಲವನು ಮನುಷ್ಯ. ಈ ಬಗೆಯ ಮಾತಿಗೆ ಷರತ್ತಿನ ವಾಕ್ಯವೆಂದು ಹೆಸರು.

ಷರತ್ತಿನ ವಾಕ್ಯದಲ್ಲಿ ಎರಡು ಭಾಗಗಳಿರುತ್ತವೆ. ಒಂದು ಭಾಗ ಷರತ್ತನ್ನು ಹೇಳುತ್ತದೆ. ಇನ್ನೊಂದು ಅದರ ಫಲವನ್ನು ಹೇಳುತ್ತದೆ. ‘ಮಳೆ ಬಂದರೆ ಕೆರೆ ತುಂಬುತ್ತದೆ’ ಎಂಬಲ್ಲಿ ‘ಮಳೆ ಬಂದರೆ’ ಎಂಬುದು ಷರತ್ತು. ‘ಕೆರೆ ತುಂಬುತ್ತದೆ’ ಎಂಬುದು ಫಲ. ಕನ್ನಡದಲ್ಲಿ ಷರತ್ತನ್ನು ಸೂಚಿಸುವ ಗುರುತು ಕ್ರಿಯಾಪದದ ಕೊನೆಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದು ‘ಇಫ್’ ಎಂಬ ಬೇರೆಯ ಪದವಾಗಿ ಷರತ್ತಿನ ಮೊದಲಿಗೆ ನಿಲ್ಲುತ್ತದೆ. ಇಷ್ಟೇ ಭೇದವಾಗಿದ್ದರೆ ಇಂಗ್ಲಿಷಿನ ಷರತ್ತಿನ ವಾಕ್ಯಗಳು ನಮ್ಮ ವಿದ್ಯಾರ್ಥಿಗಳಿಗೆ ಕಷ್ಟವಾಗುತ್ತಿರಲಿಲ್ಲ. ಎಲ್ಲಿ ‘ವಿಲ್’, ಎಲ್ಲಿ ‘ವುಡ್’, ಎಲ್ಲಿ ‘ವುಡ್ ಹ್ಯಾವ್’ ಎಂಬ ಗೊಂದಲ ಹಲವರನ್ನು ಕಾಡುತ್ತದೆ. ಮೂರು ನಾಲ್ಕು ಸೂತ್ರಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯ ದಿನ ಅವನ್ನು ಅದಲುಬದಲು ಮಾಡುವವರೂ ಉಂಟು. ಸೂತ್ರದ ಹಿಂದಿರುವ ಯುಕ್ತಿಯನ್ನು ತಿಳಿದುಕೊಂಡರೆ ಈ ಗೊಂದಲ ಬಹುಮಟ್ಟಿಗೆ ದೂರವಾಗುತ್ತದೆ. ಆ ಯುಕ್ತಿ ನಮಗೆ ಹೊಸದೇನೂ ಅಲ್ಲ. ನಮ್ಮ ತಾಯ್ನುಡಿಯಲ್ಲಿಯೇ ಅದು ಅಡಗಿದೆ. ಆದುದರಿಂದ ಮೊದಲು ಕನ್ನಡವನ್ನು ನೋಡೋಣ.

ಇಂದು ನಾವು ‘ಬಂದರೆ’, ‘ಮಾಡಿದರೆ’ ಎನ್ನುವುದನ್ನು ಹಳಗನ್ನಡದಲ್ಲಿ ‘ಬಂದೊಡೆ’, ‘ಮಾಡಿದೊಡೆ’ ಎನ್ನುತ್ತಿದ್ದರು. ವಚನಕಾರರ ಕಾಲಕ್ಕೆ ‘ಬಂದಡೆ’, ‘ಮಾಡಿದಡೆ’ ಎಂಬ ರೂಪಗಳು ಬಳಕೆಗೆ ಬಂದವು. ಮುಂದೆ ಡಕಾರವು ರಕಾರವಾಗಿ ಇಂದಿನ ರೂಪ ನಿಂತಿತು. ನಾವು ದಿನಕ್ಕೆ ನೂರು ಸಲ ಬಳಸುವ ‘ಆದರೆ’ ಎಂಬ ಪದವೂ ಮೂಲದಲ್ಲಿ ಒಂದು ಷರತ್ತೇ. ‘ಹಾಗೆ ಆದ ಪಕ್ಷದಲ್ಲಿ’ ಎಂದು ಅದರ ಅರ್ಥ. ‘ಎಂದರೆ’ ಎಂಬುದೂ ಅಂಥದೇ. ಷರತ್ತಿನ ಜೀವ ನಮ್ಮ ಮಾತಿನಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಈ ರೂಪಗಳಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಬಂದರೆ’ ಎಂಬುದನ್ನು ಬಿಡಿಸಿದರೆ ಮೊದಲು ಸಿಗುವುದು ‘ಬಂದ’ ಎಂಬ ಭೂತಕಾಲದ ರೂಪ. ಆದರೂ ‘ನಾಳೆ ಮಾವ ಬಂದರೆ ಪೇಟೆಗೆ ಹೋಗುತ್ತೇವೆ’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಭೂತಕಾಲವಲ್ಲ, ನಾಳಿನ ದಿನ. ಮಾವ ಇನ್ನೂ ಬಂದಿಲ್ಲ; ಆದರೂ ನಾವು ಬಂದುದಾಗಿ ಒಂದು ಕ್ಷಣ ಭಾವಿಸಿಕೊಳ್ಳುತ್ತೇವೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯಲ್ಲಿ ಫಲದ ಭಾಗವೂ ಭೂತಕಾಲದಲ್ಲಿಯೇ ಇದೆ. ಅರ್ಥವಾದರೋ ಎಲ್ಲ ಕಾಲಕ್ಕೂ ಸಲ್ಲುವಂಥದು. ಹೀಗೆ, ಕ್ರಿಯಾಪದದ ರೂಪ ಬೇರೆ, ಅದು ಸೂಚಿಸುವ ಕಾಲ ಬೇರೆ. ಷರತ್ತಿನ ವಾಕ್ಯಗಳಲ್ಲಿ ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷಿಗೆ ಹೋಗೋಣ.

ಇಂಗ್ಲಿಷಿನ ಷರತ್ತಿನ ವಾಕ್ಯಗಳನ್ನು ಕಲಿಕೆಯ ಅನುಕೂಲಕ್ಕಾಗಿ ನಾಲ್ಕು ಬಗೆಯಾಗಿ ವಿಂಗಡಿಸುವುದು ರೂಢಿ. ಈ ನಾಲ್ಕನ್ನೂ ಒಂದು ಬಾವಿಯ ಮೆಟ್ಟಿಲುಗಳೆಂದು ತಿಳಿಯಿರಿ. ಮೇಲಿನ ಮೆಟ್ಟಿಲು ನೆಲಕ್ಕೆ, ಎಂದರೆ ವಾಸ್ತವಕ್ಕೆ, ತೀರ ಹತ್ತಿರ. ಒಂದೊಂದು ಮೆಟ್ಟಿಲು ಇಳಿದಂತೆಲ್ಲ ವಾಸ್ತವದಿಂದ ದೂರವಾಗುತ್ತೇವೆ.

ಮೊದಲನೆಯದು ಸಾರ್ವಕಾಲಿಕ ಸತ್ಯವನ್ನು ಹೇಳುವ ವಾಕ್ಯ. ‘ಇಫ್ ಯು ಹೀಟ್ ಐಸ್, ಇಟ್ ಮೆಲ್ಟ್ಸ್’: ಮಂಜುಗಡ್ಡೆಯನ್ನು ಕಾಯಿಸಿದರೆ ಅದು ಕರಗುತ್ತದೆ. ಇದು ನಿನ್ನೆಯೂ ನಿಜ, ಇಂದೂ ನಿಜ. ಆದುದರಿಂದ ಎರಡು ಭಾಗಗಳಲ್ಲಿಯೂ ಸಾಧಾರಣ ವರ್ತಮಾನಕಾಲವೇ ಬರುತ್ತದೆ. ವಿಜ್ಞಾನದ ನಿಯಮಗಳೂ ಗಾದೆಗಳೂ ಬಹುಮಟ್ಟಿಗೆ ಈ ವರ್ಗಕ್ಕೆ ಸೇರುತ್ತವೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ಈ ಬಗೆಯ ವಾಕ್ಯವೇ.

ಎರಡನೆಯದು ಮುಂದೆ ನಡೆಯಬಹುದಾದ ಸಂಗತಿಯನ್ನು ಹೇಳುವ ವಾಕ್ಯ. ‘ಇಫ್ ಇಟ್ ರೇನ್ಸ್ ಟುಮಾರೊ, ದ ಟ್ಯಾಂಕ್ ವಿಲ್ ಫಿಲ್’: ನಾಳೆ ಮಳೆ ಬಂದರೆ ಕೆರೆ ತುಂಬುತ್ತದೆ. ಇಲ್ಲಿ ಫಲದ ಭಾಗದಲ್ಲಿ ‘ವಿಲ್’ ಬಂದಿದೆ. ಷರತ್ತಿನ ಭಾಗದಲ್ಲಿ ಬಂದಿಲ್ಲ. ನಾಳಿನ ಮಾತಾದುದರಿಂದ ಎರಡು ಕಡೆಯೂ ‘ವಿಲ್’ ಬರಬೇಕೆಂದು ವಿದ್ಯಾರ್ಥಿಗಳು ಭಾವಿಸಿ ‘ಇಫ್ ಇಟ್ ವಿಲ್ ರೇನ್’ ಎಂದು ಬರೆಯುತ್ತಾರೆ. ಆದರೆ ನಾವು ಮಳೆ ಬಂದೇ ಬರುತ್ತದೆಂದು ಭವಿಷ್ಯ ನುಡಿಯುತ್ತಿಲ್ಲ. ಬಂದ ಪಕ್ಷದಲ್ಲಿ ಏನಾಗುತ್ತದೆಂದು ನುಡಿಯುತ್ತಿದ್ದೇವೆ. ಭವಿಷ್ಯವಾಣಿ ಇರುವುದು ಫಲದಲ್ಲಿ, ಷರತ್ತಿನಲ್ಲಲ್ಲ. ಆದಕಾರಣ ‘ವಿಲ್’ ಸಹ ಫಲದಲ್ಲಿಯೇ ಇರುತ್ತದೆ. ಒಪ್ಪಿಗೆಯನ್ನು ಅಥವಾ ವಿನಯದ ಕೋರಿಕೆಯನ್ನು ಸೂಚಿಸುವಾಗ ಮಾತ್ರ ‘ಇಫ್’ ಜೊತೆಗೆ ‘ವಿಲ್’ ಅಥವಾ ‘ವುಡ್’ ಬರುವುದುಂಟು. ಅದು ಬೇರೆಯ ವಿಷಯ.

ಮೂರನೆಯದರಲ್ಲಿ ನಾವು ವಾಸ್ತವದಿಂದ ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯುತ್ತೇವೆ. ಇಲ್ಲಿ ಕನ್ನಡದ ಎರಡು ವಾಕ್ಯಗಳನ್ನು ಹೋಲಿಸಿ ನೋಡಿ. ‘ನನ್ನ ಹತ್ತಿರ ಸೈಕಲ್ ಇದ್ದರೆ ನಿನಗೆ ಕೊಡುತ್ತೇನೆ’ ಎಂದು ಯಾರೂ ಸಾಮಾನ್ಯವಾಗಿ ಹೇಳುವುದಿಲ್ಲ. ತನ್ನಲ್ಲಿ ಸೈಕಲ್ ಇದೆಯೋ ಇಲ್ಲವೋ ಎಂಬುದು ತನಗೇ ತಿಳಿಯದವನ ಮಾತು ಅದು. ‘ನನ್ನ ಹತ್ತಿರ ಸೈಕಲ್ ಇದ್ದರೆ ನಿನಗೆ ಕೊಡುತ್ತಿದ್ದೆ’ ಎಂದರೆ ಮಾತು ಸರಿಹೋಗುತ್ತದೆ. ಹೇಳುವವನಲ್ಲಿ ಸೈಕಲ್ ಇಲ್ಲವೆಂಬುದು ಕೇಳುವವನಿಗೆ ಆ ಕ್ಷಣವೇ ತಿಳಿಯುತ್ತದೆ. ‘ಇಲ್ಲ’ ಎಂಬ ಪದ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ‘ಕೊಡುತ್ತೇನೆ’ ಎಂಬುದು ‘ಕೊಡುತ್ತಿದ್ದೆ’ ಎಂದು ಹಿಂದಕ್ಕೆ ಸರಿದದ್ದೇ ಆ ಅರ್ಥವನ್ನು ಕೊಟ್ಟಿತು. ಇಂಗ್ಲಿಷೂ ಇದನ್ನೇ ಮಾಡುತ್ತದೆ: ‘ಇಫ್ ಐ ಹ್ಯಾಡ್ ಎ ಬೈಸಿಕಲ್, ಐ ವುಡ್ ಲೆಂಡ್ ಇಟ್ ಟು ಯು’. ‘ಹ್ಯಾವ್’ ಎಂಬುದು ‘ಹ್ಯಾಡ್’ ಆಯಿತು. ‘ವಿಲ್’ ಎಂಬುದು ‘ವುಡ್’ ಆಯಿತು. ಎರಡೂ ಒಂದೊಂದು ಹೆಜ್ಜೆ ಹಿಂದೆ ಸರಿದವು. ಇದು ಕಾಲದಲ್ಲಿ ಹಿಂದೆ ಸರಿದುದಲ್ಲ; ವಾಸ್ತವದಿಂದ ಹಿಂದೆ ಸರಿದುದು. ಇದೇ ನಾವು ಹುಡುಕುತ್ತಿದ್ದ ಯುಕ್ತಿ. ಈ ಬಗೆಯ ವಾಕ್ಯದಲ್ಲಿ ‘ಐ’ ಜೊತೆಗೆ ‘ವಾಸ್’ ಬದಲು ‘ವರ್’ ಬರುವುದು ಶಿಷ್ಟ ಬರವಣಿಗೆಯ ರೂಢಿ: ‘ಇಫ್ ಐ ವರ್ ಎ ಬರ್ಡ್, ಐ ವುಡ್ ಫ್ಲೈ’.

ಈ ಮೂರನೆಯ ಬಗೆ ಯಾವಾಗಲೂ ಅಸಾಧ್ಯವನ್ನೇ ಹೇಳುತ್ತದೆಂದು ತಿಳಿಯಬಾರದು. ಭೂಮಿಯ ಮೇಲೆ 48 ಕಿಲೋಗ್ರಾಂ ತೂಗುವ ಹುಡುಗನಿಗೆ, ಚಂದ್ರನ ಗುರುತ್ವಾಕರ್ಷಣೆ ಭೂಮಿಯದರ ಸುಮಾರು ಆರನೆಯ ಒಂದು ಭಾಗವಾದುದರಿಂದ, ‘ಇಫ್ ಯು ಸ್ಟುಡ್ ಆನ್ ದ ಮೂನ್, ದ ಸ್ಪ್ರಿಂಗ್ ಬ್ಯಾಲೆನ್ಸ್ ವುಡ್ ಶೋ ಏಯ್ಟ್ ಕಿಲೋಗ್ರಾಮ್ಸ್’ ಎಂದು ಹೇಳಬಹುದು. ಆ ಹುಡುಗನು ಚಂದ್ರನ ಮೇಲೆ ನಿಲ್ಲುವ ಸಂಭವ ತೀರ ದೂರದ್ದು. ಆದರೆ 1969ರ ಜುಲೈ ತಿಂಗಳಿನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಎಡ್ವಿನ್ ಆಲ್ಡ್ರಿನ್ ಚಂದ್ರನ ಮೇಲೆ ಕಾಲಿಟ್ಟರು. ನೌಕೆಯಲ್ಲಿ ಕುಳಿತು ಚಂದ್ರನನ್ನು ಸಮೀಪಿಸುತ್ತಿದ್ದವರಿಗೆ ಅದು ದೂರದ ಮಾತಾಗಿರಲಿಲ್ಲ. ಅಂಥವರು ‘ಇಫ್ ವಿ ಲ್ಯಾಂಡ್ ಸೇಫ್ಲಿ, ವಿ ವಿಲ್ ಕಲೆಕ್ಟ್ ರಾಕ್ಸ್’ ಎಂದು ಎರಡನೆಯ ಬಗೆಯಲ್ಲಿ ಹೇಳುವುದೇ ಸಹಜ. ಸಂಗತಿಯೊಂದೇ, ಅದನ್ನು ಹೇಳುವವನು ನಿಂತಿರುವ ಮೆಟ್ಟಿಲು ಬೇರೆ. ವಾಸ್ತವದಿಂದ ತಾನೆಷ್ಟು ದೂರದಲ್ಲಿ ನಿಂತು ಮಾತನಾಡುತ್ತಿದ್ದೇನೆ ಎಂಬುದನ್ನು ಷರತ್ತಿನ ವಾಕ್ಯದಲ್ಲಿ ಕ್ರಿಯಾಪದವೇ ಸಾರುತ್ತದೆ.

ನಾಲ್ಕನೆಯದು ಕೊನೆಯ ಮೆಟ್ಟಿಲು. ಅದು ನಡೆದುಹೋದ ಕಾಲದಲ್ಲಿ ನಡೆಯದೆ ಹೋದ ಸಂಗತಿಯನ್ನು ಕುರಿತದ್ದು. ಅದನ್ನು ಈಗ ಯಾರೂ ಬದಲಿಸಲಾರರು. ‘ಇಫ್ ಯು ಹ್ಯಾಡ್ ಆಸ್ಕ್ಡ್, ಐ ವುಡ್ ಹ್ಯಾವ್ ಗಿವನ್’: ನೀನು ಕೇಳಿದ್ದರೆ ನಾನು ಕೊಡುತ್ತಿದ್ದೆ. ಷರತ್ತಿನಲ್ಲಿ ‘ಹ್ಯಾಡ್ ಆಸ್ಕ್ಡ್’, ಫಲದಲ್ಲಿ ‘ವುಡ್ ಹ್ಯಾವ್ ಗಿವನ್’ ಎಂದು ಎರಡು ಭಾಗಗಳೂ ಮತ್ತೊಂದು ಹೆಜ್ಜೆ ಹಿಂದೆ ಸರಿದಿವೆ. ಇಲ್ಲಿಯೇ ಕನ್ನಡಿಗರಾದ ನಾವು ಎಡವುವುದು. ಕನ್ನಡದಲ್ಲಿ ಷರತ್ತಿನ ಭಾಗ ‘ಕೇಳಿದರೆ’ ಎಂಬುದರಿಂದ ‘ಕೇಳಿದ್ದರೆ’ ಎಂಬುದಕ್ಕೆ ಸರಿಯುತ್ತದೆ. ಫಲದ ಭಾಗ ಮಾತ್ರ ‘ಕೊಡುತ್ತಿದ್ದೆ’ ಎಂದು ಮೂರನೆಯ ಮೆಟ್ಟಿಲಿನಲ್ಲಿದ್ದಂತೆಯೇ ಉಳಿಯುತ್ತದೆ. ಅದರ ಪ್ರಭಾವದಿಂದ ನಾವು ‘ಇಫ್ ಯು ಹ್ಯಾಡ್ ಆಸ್ಕ್ಡ್, ಐ ವುಡ್ ಗಿವ್’ ಎಂದು ಬರೆದುಬಿಡುತ್ತೇವೆ. ಕನ್ನಡದಲ್ಲಿ ಒಂದೇ ‘ಕೊಡುತ್ತಿದ್ದೆ’ ಎರಡು ಕೆಲಸಗಳನ್ನು ಮಾಡುತ್ತದೆ, ಇಂಗ್ಲಿಷಿನಲ್ಲಿ ಆ ಎರಡು ಕೆಲಸಗಳಿಗೆ ‘ವುಡ್ ಗಿವ್’, ‘ವುಡ್ ಹ್ಯಾವ್ ಗಿವನ್’ ಎಂಬ ಎರಡು ರೂಪಗಳಿವೆ ಎಂದು ಒಮ್ಮೆ ತಿಳಿದರೆ ಈ ತಪ್ಪು ಮರುಕಳಿಸದು. ಹಿಂದಿನ ಷರತ್ತಿನ ಫಲ ಇಂದಿಗೂ ಮುಂದುವರಿದಿದ್ದರೆ ಮಾತ್ರ ‘ಇಫ್ ಹಿ ಹ್ಯಾಡ್ ಸ್ಟಡೀಡ್ ದೆನ್, ಹಿ ವುಡ್ ಬಿ ಎ ಡಾಕ್ಟರ್ ನೌ’ ಎಂಬಂತೆ ಮಿಶ್ರರೂಪ ಬರಬಹುದು.

ನಡೆಯದೆ ಹೋದ ಕ್ರಿಯೆಗೆ ಪ್ರತ್ಯೇಕ ರೂಪ ಕೊಟ್ಟ ಭಾಷೆ ಇಂಗ್ಲಿಷೊಂದೇ ಅಲ್ಲ. ಸಂಸ್ಕೃತದಲ್ಲಿ ಇದಕ್ಕೆಂದೇ ‘ಲೃಙ್’ ಎಂಬ ಲಕಾರವಿದೆ. ಷರತ್ತಿನೊಡನೆ ಹೇಳಿದ ಕ್ರಿಯೆ ಈಡೇರದಿರುವುದನ್ನು ಪಾಣಿನಿಯು ‘ಕ್ರಿಯಾತಿಪತ್ತಿ’ ಎಂದು ಕರೆದಿದ್ದಾನೆ. ಆಗದೆ ಹೋದುದನ್ನು ಕುರಿತು ಚಿಂತಿಸುವುದು ಮನುಷ್ಯಬುದ್ಧಿಯ ಮುಖ್ಯ ಕಾರ್ಯಗಳಲ್ಲಿ ಒಂದೆಂಬುದನ್ನು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದರು.

ಆಗಿಹೋದುದನ್ನು ಕುರಿತು ‘ಹಾಗಾಗಿದ್ದರೆ, ಹೀಗಾಗಿದ್ದರೆ’ ಎಂದು ಹೇಳುವುದರಿಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವಾಗಿ ಒಂದು ಐತಿಹಾಸಿಕ ಘಟನೆಯನ್ನು ನೋಡೋಣ.

1912ರ ಏಪ್ರಿಲ್ 14ರ ರಾತ್ರಿ, ಇಂಗ್ಲೆಂಡಿನಿಂದ ಅಮೆರಿಕದ ಕಡೆಗೆ ಹೊರಟಿದ್ದ ಟೈಟಾನಿಕ್ ಎಂಬ ಮಹಾನೌಕೆ ಅಟ್ಲಾಂಟಿಕ್ ಸಾಗರದಲ್ಲಿ ನೀರ್ಗಲ್ಲಿನ ಬೆಟ್ಟವೊಂದಕ್ಕೆ ತಾಗಿತು. ಮೂರು ಗಂಟೆ ತುಂಬುವ ಮೊದಲೇ ಅದು ಮುಳುಗಿತು. ಹಡಗಿನಲ್ಲಿ ಸುಮಾರು 2,200 ಜನರಿದ್ದರು. ಸುಮಾರು 1,500 ಮಂದಿ ಪ್ರಾಣ ಕಳೆದುಕೊಂಡರು. ಹಡಗಿನಲ್ಲಿದ್ದ ರಕ್ಷಣಾ ದೋಣಿಗಳು 20. ಅವುಗಳಲ್ಲಿ ಇದ್ದ ಸ್ಥಳ 1,178 ಜನಕ್ಕೆ ಮಾತ್ರ. ಆಶ್ಚರ್ಯದ ಸಂಗತಿಯೆಂದರೆ, ಹಡಗಿನವರು ಕಾನೂನನ್ನು ಮುರಿದಿರಲಿಲ್ಲ. 10,000 ಟನ್ನಿಗೆ ಮೇಲ್ಪಟ್ಟ ಹಡಗಿನಲ್ಲಿ 16 ದೋಣಿಗಳಿದ್ದರೆ ಸಾಕೆಂದು ಆಗಿನ ಬ್ರಿಟಿಷ್ ನಿಯಮ ಹೇಳುತ್ತಿತ್ತು. ಟೈಟಾನಿಕ್ ನೌಕೆಯಾದರೋ 46,000 ಟನ್ನಿನದು.

ದುರಂತವಾದ ಮೇಲೆ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ವಿಚಾರಣೆಗಳು ನಡೆದವು. ಆ ವಿಚಾರಣೆಗಳೆಲ್ಲ ಮುಖ್ಯವಾಗಿ ನಾಲ್ಕನೆಯ ಬಗೆಯ ವಾಕ್ಯಗಳೇ. ಹಡಗಿನ ಕಾವಲುಗಾರನಿಗೆ ದುರ್ಬೀನು ಕೊಟ್ಟಿದ್ದರೆ ನೀರ್ಗಲ್ಲು ಬೇಗ ಕಾಣಿಸುತ್ತಿತ್ತೆ? ಹಡಗಿನ ವೇಗವನ್ನು ತಗ್ಗಿಸಿದ್ದರೆ ಅಪಾಯ ತಪ್ಪುತ್ತಿತ್ತೆ? ಸಮೀಪದ ಸಮುದ್ರದಲ್ಲಿ ನಿಂತಿದ್ದ ‘ಕ್ಯಾಲಿಫೋರ್ನಿಯನ್’ ಎಂಬ ಹಡಗಿನ ಏಕೈಕ ತಂತಿರಹಿತ ವಾರ್ತೆಯ ನೌಕರನು ಮಲಗಿಬಿಟ್ಟಿದ್ದನು. ಅವನು ಎಚ್ಚರವಾಗಿದ್ದರೆ ಸಹಾಯ ಬೇಗ ಬರುತ್ತಿತ್ತೆ? ಎಲ್ಲರಿಗೂ ದೋಣಿಗಳಿದ್ದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು?

ಇಂಥ ಪ್ರಶ್ನೆಗಳಿಗೆ ಉತ್ತರಿಸುವಾಗ ಭಾಷೆಯಲ್ಲಿ ಎಚ್ಚರಿಕೆ ಬೇಕು. ಮೊದಮೊದಲು ನೀರಿಗಿಳಿದ ದೋಣಿಗಳು ತುಂಬಿರಲಿಲ್ಲ. 65 ಜನ ಹಿಡಿಯುವ ಮೊದಲ ದೋಣಿಯಲ್ಲಿ ಹೊರಟವರು 30ಕ್ಕಿಂತ ಕಡಿಮೆ. ಆದಕಾರಣ ದೋಣಿಗಳು ಹೆಚ್ಚಾಗಿದ್ದಿದ್ದರೆ ಎಲ್ಲರೂ ಉಳಿಯುತ್ತಿದ್ದರೆಂದು ಖಂಡಿತವಾಗಿ ಹೇಳುವಂತಿಲ್ಲ. ‘ಹೆಚ್ಚು ಜನ ಉಳಿಯಬಹುದಾಗಿತ್ತು’ ಎನ್ನಬಹುದು. ‘ವುಡ್ ಹ್ಯಾವ್’ ಎಂಬುದಕ್ಕೂ ‘ಮೈಟ್ ಹ್ಯಾವ್’ ಎಂಬುದಕ್ಕೂ ಇರುವ ಭೇದ ಇದೇ. ಮೊದಲನೆಯದು ನಿಶ್ಚಯ, ಎರಡನೆಯದು ಸಾಧ್ಯತೆ. ನ್ಯಾಯಸ್ಥಾನದಲ್ಲಿ ಈ ಒಂದು ಪದದ ಮೇಲೆ ಒಬ್ಬ ಮನುಷ್ಯನ ಹೊಣೆಗಾರಿಕೆ ನಿಂತಿರಬಹುದು.

ಈ ವಿಚಾರಣೆಗಳು ವಿಷಾದದಲ್ಲಿಯೇ ಮುಗಿದುಹೋಗಲಿಲ್ಲ. 1914ರಲ್ಲಿ ಹಲವು ರಾಷ್ಟ್ರಗಳ ಪ್ರತಿನಿಧಿಗಳು ಲಂಡನ್ನಿನಲ್ಲಿ ಸೇರಿ, ಸಮುದ್ರಯಾನದಲ್ಲಿ ಪ್ರಾಣರಕ್ಷಣೆಯನ್ನು ಕುರಿತ ಒಪ್ಪಂದವೊಂದನ್ನು ಸಿದ್ಧಪಡಿಸಿದರು. ಹಡಗಿನಲ್ಲಿರುವ ಪ್ರತಿಯೊಬ್ಬನಿಗೂ ರಕ್ಷಣಾ ದೋಣಿಯಲ್ಲಿ ಸ್ಥಳವಿರಬೇಕೆಂಬ ತತ್ತ್ವ ಅದರಲ್ಲಿ ಸೇರಿತು. ಮೊದಲನೆಯ ಮಹಾಯುದ್ಧದಿಂದಾಗಿ ಅದರ ಆಚರಣೆಗೆ ಅಡ್ಡಿಯಾಯಿತಾದರೂ ಮುಂದೆ ಮತ್ತೆ ಮತ್ತೆ ಪರಿಷ್ಕೃತವಾಗಿ, 1974ರಲ್ಲಿ ಅಂಗೀಕೃತವಾದ ರೂಪದಲ್ಲಿ, ತಿದ್ದುಪಡಿಗಳೊಡನೆ ಅದು ಇಂದಿಗೂ ಜಾರಿಯಲ್ಲಿದೆ. ‘ದೋಣಿಗಳಿದ್ದಿದ್ದರೆ ಉಳಿಯಬಹುದಾಗಿತ್ತು’ ಎಂಬ ನಾಲ್ಕನೆಯ ಬಗೆಯ ವಾಕ್ಯ ‘ದೋಣಿಗಳಿದ್ದರೆ ಉಳಿಯುತ್ತಾರೆ’ ಎಂಬ ಎರಡನೆಯ ಬಗೆಯ ವಾಕ್ಯಕ್ಕೆ ದಾರಿಮಾಡಿತು. ಅದರಿಂದ ‘ದೋಣಿಗಳಿರಲೇಬೇಕು’ ಎಂಬ ನಿಯಮ ಹುಟ್ಟಿತು. ಬಾವಿಯ ಕೊನೆಯ ಮೆಟ್ಟಿಲಿಗೆ ಇಳಿದವರು ನೀರು ತುಂಬಿಕೊಂಡು ಮೇಲಕ್ಕೆ ಬಂದರು.

ಷರತ್ತಿನ ವಾಕ್ಯವನ್ನು ಓದುವಾಗ ಇನ್ನೆರಡು ಎಚ್ಚರಿಕೆಗಳು ಬೇಕು. ‘ಅನ್‌ಲೆಸ್’ ಎಂಬ ಪದದ ಒಳಗೇ ‘ಇಲ್ಲ’ ಎಂಬ ಅರ್ಥವಿದೆ. ಅದು ನಮ್ಮ ‘ಹೊರತು’ ಎಂಬುದಕ್ಕೆ ಸಮಾನ. ‘ಅನ್‌ಲೆಸ್ ಯು ವರ್ಕ್, ಯು ವಿಲ್ ನಾಟ್ ಪಾಸ್’ ಎಂದರೆ ‘ನೀನು ದುಡಿಯದ ಹೊರತು ತೇರ್ಗಡೆಯಾಗಲಾರೆ’ ಎಂದರ್ಥ. ಅದರ ಷರತ್ತಿನಲ್ಲಿ ಮತ್ತೊಂದು ‘ನಾಟ್’ ಸೇರಿಸಿದರೆ ಅರ್ಥ ತಲೆಕೆಳಗಾಗುತ್ತದೆ. ‘ಈವನ್ ಇಫ್’ ಎಂಬುದು ನಮ್ಮ ‘ರೂ’. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯಲ್ಲಿ ಷರತ್ತು ಈಡೇರಿದರೂ ಫಲ ದೊರೆಯುವುದಿಲ್ಲ.

ಎರಡನೆಯದು ತರ್ಕಕ್ಕೆ ಸಂಬಂಧಿಸಿದ್ದು. ‘ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ’ ಎಂಬುದು ನಿಜ. ಆದರೆ ಅಂಗಳ ಒದ್ದೆಯಾಗಿರುವುದನ್ನು ಕಂಡು ಮಳೆ ಬಂದಿದೆಯೆಂದು ಹೇಳುವಂತಿಲ್ಲ. ರಂಗೋಲಿ ಇಡಲು ಅಕ್ಕ ನೀರು ಚಿಮುಕಿಸಿರಬಹುದು. ಷರತ್ತಿನಿಂದ ಫಲಕ್ಕೆ ದಾರಿಯಿದೆ; ಫಲದಿಂದ ಷರತ್ತಿಗೆ ಹಿಂತಿರುಗುವ ದಾರಿ ಯಾವಾಗಲೂ ಇರುವುದಿಲ್ಲ. ಇದನ್ನು ಮರೆತು ಮನುಷ್ಯರು ಒಬ್ಬರ ಮೇಲೊಬ್ಬರು ವೃಥಾ ಸಂಶಯ ಪಡುತ್ತಾರೆ.

ಈಗ ಈ ಪಾಠದ ಶೀರ್ಷಿಕೆಯನ್ನು ಮತ್ತೊಮ್ಮೆ ನೋಡಿ. ‘ಓದಿದರೆ’, ‘ಓದಿದ್ದರೆ’ ಎಂಬ ಎರಡು ಪದಗಳಿಗೆ ಬರವಣಿಗೆಯಲ್ಲಿರುವ ಭೇದ ದಕಾರದ ಒಂದು ಒತ್ತು ಮಾತ್ರ. ಅರ್ಥದಲ್ಲಿರುವ ಭೇದವಾದರೋ ಬಹು ದೊಡ್ಡದು. ಒಂದರ ಮುಂದೆ ಬಾಗಿಲು ತೆರೆದಿದೆ; ಇನ್ನೊಂದರ ಹಿಂದೆ ಬಾಗಿಲು ಮುಚ್ಚಿದೆ. ‘ಓದಿದ್ದರೆ ತೇರ್ಗಡೆಯಾಗುತ್ತಿದ್ದೆ’ ಎಂದು ಮರುಗುವವನು ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರೆ ಅದು ಬರಿಯ ಕೊರಗು. ಅದರಿಂದ ಪಾಠ ಕಲಿತು ‘ಓದಿದರೆ ತೇರ್ಗಡೆಯಾಗುತ್ತೇನೆ’ ಎಂದು ಒತ್ತನ್ನು ಕಳಚಿಹಾಕಿದರೆ ಅದು ಸಂಕಲ್ಪ. ಸರಿಯಾದ ವಾಕ್ಯ ಯಾವುದೆಂದು ವ್ಯಾಕರಣ ನಮಗೆ ತಿಳಿಸುತ್ತದೆ; ಯಾವ ವಾಕ್ಯವನ್ನು ಆಡುವ ಸ್ಥಿತಿಯಲ್ಲಿ ಇರಬೇಕೆಂಬುದನ್ನು ನಾವೇ ನಿರ್ಧರಿಸಿಕೊಳ್ಳಬೇಕು.

ಅಭ್ಯಾಸ

1. ‘ಬಂದರೆ’ ಎಂಬ ರೂಪ ಹಳಗನ್ನಡದಿಂದ ಇಂದಿನವರೆಗೆ ಹೇಗೆ ಬದಲಾಗಿದೆ?
2. ‘ಇಫ್ ಇಟ್ ವಿಲ್ ರೇನ್’ ಎಂಬುದು ಏಕೆ ತಪ್ಪು? ಕಾರಣ ಕೊಟ್ಟು ವಿವರಿಸಿ.
3. ‘ಇದು ಕಾಲದಲ್ಲಿ ಹಿಂದೆ ಸರಿದುದಲ್ಲ, ವಾಸ್ತವದಿಂದ ಹಿಂದೆ ಸರಿದುದು’ ಎಂಬ ಮಾತನ್ನು ಸ್ವಂತ ಉದಾಹರಣೆಯೊಡನೆ ಸಮರ್ಥಿಸಿ.
4. ಟೈಟಾನಿಕ್ ದುರಂತದ ವಿಚಾರಣೆ ವಿಷಾದದಲ್ಲಿ ಮುಗಿಯಲಿಲ್ಲವೆಂದು ಲೇಖಕರು ಏಕೆ ಹೇಳುತ್ತಾರೆ?
5. ನೀವು ಬಲ್ಲ ಗಾದೆಗಳಲ್ಲಿ ‘ರೆ’ ಮತ್ತು ‘ರೂ’ ಬಂದಿರುವ ಎರಡೆರಡನ್ನು ಬರೆದು, ಷರತ್ತು ಮತ್ತು ಫಲಗಳನ್ನು ಬೇರ್ಪಡಿಸಿ.